ಕಲ್ಲೆತ್ತುವ ದುಂಡೇಶನ ತಪಾಸಣೆ

ಕೊಕಟನೂರಿನ ಆಚೀಚೆ ಯಾವ ಹಳ್ಳಿಯಲ್ಲಾದರೂ ದುಂಡೇಶನ ಹೆಸರು ತೆಗೆಯಿರಿ, ಎದುರಿಗಿದ್ದವರು ಮರುಪ್ರಶ್ನೆ ಹಾಕುತ್ತಾರೆ: "ಯಾವ ದುಂಡೇಶ? ಕಲ್ಲ ಎತ್ತಾಂವನ?"

ಹೌದು, ಅವನೇ. ಹನುಮಪ್ಪನ ಗುಡಿಯ ಮುಂದೆ ಬಿದ್ದಿರುವ ದುಂಡನೆಯ ಸಂಗ್ರಾಣಿ ಕಲ್ಲನ್ನು ಮೊಳಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಬೆನ್ನ ಹಿಂದಕ್ಕೆ ಒಗೆಯುವುದನ್ನು ಅವನು ಮೀಸೆ ಸರಿಯಾಗಿ ಮೂಡುವ ಮೊದಲೇ ಕಲಿತಿದ್ದ. ಕಾಗವಾಡ, ರಾಯಬಾಗ ಕಡೆಯ ಊರಿನವರು ಗಾಡಿ ಕಳಿಸಿ ಅವನನ್ನು ಕರೆಸಿಕೊಳ್ಳುತ್ತಿದ್ದರು. ಗೆದ್ದ ಬೆಳ್ಳಿ ಕಡಗಗಳನ್ನು ತಾಯಿ ಗಿರಿಜವ್ವ ದೇವರ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದಳು. ತಂದೆ ವಿರುಪಾಕ್ಷಪ್ಪನಿಗೆ ದ್ರಾಕ್ಷಿ ತೋಟವಿತ್ತು. ಹಣ್ಣನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿ ಮಾರುತ್ತಿದ್ದರು. ಒಬ್ಬನೇ ಮಗ, ಗಟ್ಟಿ ಆಳು, ತೋಟದ ಕೆಲಸದಲ್ಲೂ ಹಿಂದೆ ಬೀಳದವನು. ಹಾರೂಗೇರಿಯಿಂದ ಸೌಂದರ್ಯಾ ಸೊಸೆಯಾಗಿ ಬಂದಾಗ ಬೀಗರು, "ನಮ್ಮ ಹುಡುಗಿ ಪೈಲ್ವಾನನ ಮನಿ ಸೇರಿದ್ಲು" ಎಂದು ಹೆಮ್ಮೆಪಟ್ಟರು.

ಮದುವೆಯಾಗಿ ಐದಾರು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ.

ಮಕ್ಕಳಾಗದಿದ್ದರೆ ನಮ್ಮ ಕಡೆ ಯಾರನ್ನು ನೋಡುತ್ತಾರೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌಂದರ್ಯಾಳ ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು, ಗರ್ಭನಾಳ ತೆರೆದಿದೆಯೋ ಇಲ್ಲವೋ ಎಂದು ಔಷಧ ಬಿಟ್ಟು ಫೋಟೋ ತೆಗೆದರು. ಆ ದಿನ ಅವಳು ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಮನೆಗೆ ಬಂದಳು. ಅತ್ತೆ ಹೇಳಿದಂತೆ ಯಲ್ಲಮ್ಮನ ಗುಡಿಗೆ ನಡೆದು ಹೋದಳು, ಮಂಗಳವಾರ ಉಪವಾಸ ಹಿಡಿದಳು, ಯಾರೋ ಕೊಟ್ಟ ಬೇರನ್ನು ಹಾಲಿನಲ್ಲಿ ತೇಯ್ದು ಕುಡಿದಳು. ಎಲ್ಲ ಡಾಕ್ಟರೂ ಕಡೆಗೆ ಒಂದೇ ಮಾತು ಹೇಳುತ್ತಿದ್ದರು: "ನಿನ್ನಲ್ಲಿ ತೊಂದರೆ ಏನೂ ಕಾಣಿಸ್ತಿಲ್ಲ." ಅಥಣಿಯ ಲೇಡಿ ಡಾಕ್ಟರ್ ಬ್ರಾಹ್ಮಿ ಮಾತ್ರ ಅದರ ಮುಂದೆ ಇನ್ನೊಂದು ಮಾತು ಸೇರಿಸಿದರು: "ಮುಂದಿನ ಸಲ ನಿಮ್ಮ ಯಜಮಾನ್ರನ್ನ ಕರಕೊಂಡ ಬಾ."

ಆ ಮಾತನ್ನು ಸೌಂದರ್ಯಾ ಬಹಳ ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ನಾದಿನಿಯೊಬ್ಬಳ ಕುಬಸದ ಕಾರ್ಯ ಬಂತು. ತುಂಬು ಗರ್ಭಿಣಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಮುತ್ತೈದೆಯರ ಕೈಯಿಂದ ಕೈಗೆ ಆರತಿ ತಟ್ಟೆ ಬಂದು ಸೌಂದರ್ಯಾಳ ಹತ್ತಿರ ತಲುಪಿದಾಗ ಒಬ್ಬ ಹಿರಿಯ ಹೆಂಗಸು ಅದನ್ನು ನಡುವೆಯೇ ಹಿಡಿದು ಅವಳ ಪಕ್ಕದವಳಿಗೆ ದಾಟಿಸಿದಳು. ಗಿರಿಜವ್ವ ನೋಡಿಯೂ ಮುಖ ಆಚೆ ತಿರುಗಿಸಿದಳು.

ಸೌಂದರ್ಯಾ ಮನೆಗೆ ಬಂದು ಅಳಲಿಲ್ಲ. ಮರುದಿನ ತೋಟಕ್ಕೆ ಬುತ್ತಿ ಒಯ್ದವಳು ಗಂಡ ಉಂಡು ಕೈ ತೊಳೆಯುವ ತನಕ ಕಾದು ಹೇಳಿದಳು:

"ರೀ, ನನ್ನ ಎಲ್ಲಾ ತಪಾಸಣಿ ಮುಗದಾವ. ಇನ್ನ ಉಳದದ್ದು ನಿಮ್ದು."

"ನಂದೇನ ತಪಾಸಣಿ?"

"ಮಕ್ಕಳಾಗೂದು ಇಬ್ಬರಿಂದ ಅಲ್ಲೇನ್ರಿ? ಡಾಕ್ಟರ್ ಬಾಯಾರು ನಿಮ್ಮನ್ನ ಕರಕೊಂಡ ಬಾ ಅಂದಾರ."

ದುಂಡೇಶ ಮೈಮೇಲೆ ಕೆಂಡ ಬಿದ್ದವನಂತೆ ಎದ್ದ. "ಏನ ಮಾತಾಡಾಕತ್ತಿ? ಸುತ್ತ ಹಳ್ಳ್ಯಾಗ ನಾ ಎತ್ತಿದ ಕಲ್ಲ ಎತ್ತಾಂವ ಇನ್ನೊಬ್ಬ ಇದ್ರ ತೋರ್ಸ. ನನಗ ಏನಾಗೈತಿ?"

"ಕಲ್ಲ ಎತ್ತೂದು ಬ್ಯಾರೆ, ಇದು ಬ್ಯಾರೆ ಇರಬಹುದ್ರಿ."

ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಬಳ್ಳಿಗಳ ನಡುವೆ ಹೊರಟುಹೋದ. ಮುಂದೆ ಎಷ್ಟೋ ದಿನ ಹೆಂಡತಿಯೊಡನೆ ಬೇಕಾದಷ್ಟೇ ಮಾತು.

ಅವನಿಗೆ ಒಂದು ವಿಷಯ ಗೊತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಕಲ್ಲೆತ್ತಿದ ದಿನ, ಇಲ್ಲವೇ ಕ್ರೇಟು ಹೊತ್ತು ನಿಂತೇ ದುಡಿದ ದಿನ, ಸಂಜೆಯ ಹೊತ್ತಿಗೆ ಎಡಗಡೆಯ ತೊಡೆಸಂದಿನ ಕೆಳಗೆ ಭಾರ ಜೋತುಬಿದ್ದಂತೆ ಮಂದವಾದ ನೋವು ಬರುತ್ತಿತ್ತು. ಮಲಗಿದರೆ ಇಳಿಯುತ್ತಿತ್ತು. ಅಲ್ಲಿ ಗಂಟು ಗಂಟಾಗಿ ಏನೋ ಕೈಗೆ ಸಿಗುತ್ತಿತ್ತು. ಪೈಲ್ವಾನರಿಗೆ ನರ ಹಿಡಿಯುವುದು ಇದ್ದದ್ದೇ ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾಗುತ್ತಿದ್ದ.

ಅಷ್ಟರಲ್ಲಿ ವಿರುಪಾಕ್ಷಪ್ಪನ ತಂಗಿ ಒಂದು ಸಂಬಂಧ ತಂದಳು. ರಾಯಬಾಗ ಕಡೆಯ ಹುಡುಗಿ, ಹೆಸರು ದಾನೇಶ್ವರಿ. "ಸೌಂದರ್ಯಾ ಮನಿಯಾಗ ಇರಲಿ, ಬ್ಯಾಡನ್ನೂದಿಲ್ಲ. ಆದ್ರ ವಂಶ ಬೆಳೀಬೇಕಲ್ಲ ವೈನಿ" ಎಂದಳು. ಇಂಥ ಮದುವೆ ಕಾಯ್ದೆಗೆ ವಿರುದ್ಧ ಎಂದು ವಿರುಪಾಕ್ಷಪ್ಪ ಗೊಣಗಿದ. ಊರಲ್ಲಿ ಯಾರೂ ಮಾಡಿಲ್ಲವೇನು ಎಂದು ಗಿರಿಜವ್ವ ಅವನ ಬಾಯಿ ಮುಚ್ಚಿಸಿದಳು. ಸೌಂದರ್ಯಾಳನ್ನು ಕೇಳಿದಾಗ ಅವಳು, "ಮೊದಲ ಅವರ ತಪಾಸಣಿ ಆಗಲಿ. ಆಮ್ಯಾಲ ನೀವು ಏನ ಅಂದ್ರೂ ಕೇಳ್ತೀನಿ" ಎಂದಷ್ಟೇ ಹೇಳಿ ಮಣೂಕದ ಶೆಡ್ಡಿಗೆ ನಡೆದಳು.

ದುಂಡೇಶ ಹುಡುಗಿ ನೋಡಲು ಹೋದ. ಯಾಕೆ ಹೋದೆ ಎಂದು, ಒಂದೇ ಊರಿನ ಸಲುಗೆಯಿಂದ, ಆಮೇಲೆ ನಾನು ಕೇಳಿದ್ದೆ. "ಅವ್ವ ಅಳಾಕತ್ತಿದ್ಲರಿ. ನನಗೂ ಮನಸಿನ್ಯಾಗ ಒಂದ ಮೂಲ್ಯಾಗ, ನಾನ ಸರಿ ಅದೀನಿ ಅಂತ ತೋರಿಸೂ ಹಟ ಇತ್ತು" ಎಂದ.

ದಾನೇಶ್ವರಿ ಚಿಕ್ಕೋಡಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ತಂದೆ ರಜೆಯಲ್ಲಿ ಬಂದ ಮಗಳನ್ನು ಸೀರೆ ಉಡಿಸಿ ಕೂರಿಸಿದ್ದ. ಚಹಾ ಆಯಿತು, ಅವಲಕ್ಕಿ ಆಯಿತು. ರೂಢಿಯಂತೆ ಯಾರೋ, "ಹುಡುಗಿ ಏನರ ಕೇಳೂದಿದ್ರ ಕೇಳವಾ" ಎಂದರು. ಕೇಳುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಅವಳು ತಲೆ ಎತ್ತಿ ನೇರವಾಗಿ ದುಂಡೇಶನನ್ನೇ ನೋಡಿದಳು.

"ಅಣ್ಣಾರ," ಎಂದಳು.

ನೋಡಲು ಬಂದ ವರನನ್ನೇ ಅಣ್ಣ ಎಂದು ಕರೆದಿದ್ದಳು.

"ಅಣ್ಣಾರ, ವೈನಿಯವರ ತಪಾಸಣಿ ಎಲ್ಲಾ ಆಗೈತಿ ಅಂತ ಕೇಳೀನಿ. ನಿಮ್ದು ಆಗೈತೇನ್ರಿ?"

ಅವಳ ತಂದೆ ಗದರಿದ. ಅವಳು ನಿಲ್ಲಿಸಲಿಲ್ಲ. "ನನಗೂ ಆಗಲಿಲ್ಲಂದ್ರ ಮೂರನೇದಾಕಿನ್ನ ನೋಡಾಕ ಹೋಗ್ತೀರೇನ್ರಿ? ಮಕ್ಕಳಾಗದ ಮನ್ಯಾಗ ಎಷ್ಟೋ ಸಲ ತೊಂದರಿ ಗಂಡಸಿನ ಕಡೇನ ಇರ್ತೈತ್ರಿ. ಅದರಾಗ ನಾಚೂದೇನಿಲ್ಲ. ಔಷಧ ಐತಿ, ಆಪರೇಶನ್ ಐತಿ. ಮೊದಲ ಒಂದ ಸಲ ತೋರ್ಸ್ರಿ."

ದುಂಡೇಶ ಕೈಯಲ್ಲಿದ್ದ ಕಪ್ಪುಬಸಿಯನ್ನು ಕೆಳಗಿಟ್ಟ. ಎದ್ದು ನಿಂತ. ಎಲ್ಲರೂ ಜಗಳವೇ ಆಯಿತು ಎಂದುಕೊಂಡರು. ಅವನು ಹುಡುಗಿಯ ತಂದೆಗೆ ಕೈ ಮುಗಿದು, "ಕಾಕಾ, ನಿಮ್ಮ ಮಗಳು ಖರೇ ಮಾತ ಆಡ್ಯಾಳ. ಆಕಿನ್ನ ಬೈಬ್ಯಾಡ್ರಿ. ಓದಸ್ರಿ" ಎಂದು ಹೇಳಿ ಹೊರಗೆ ನಡೆದ. ಆ ತಂದೆಯೂ ಒಳ್ಳೆಯವನೇ. ದಾನೇಶ್ವರಿ ಓದು ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ.

ಮನೆ ಮುಟ್ಟಿದ ದುಂಡೇಶ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ: "ನಾಳಿ ಅಥಣಿಗೆ ಹೋಗೂಣು. ಇಬ್ಬರೂ."

ಪ್ರಯೋಗಾಲಯದವರು ಡಬ್ಬಿಯೊಂದನ್ನು ಕೊಟ್ಟು ವೀರ್ಯದ ಮಾದರಿ ಬೇಕೆಂದಾಗ ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತಂತೆ. "ಅಂಥಾ ಭಾರ ನಾ ಯಾವ ಕಲ್ಲಿನ್ಯಾಗೂ ಕಂಡಿದ್ದಿಲ್ಲ" ಎಂದು ಈಗ ನಗುತ್ತಾನೆ. ಫಲಿತಾಂಶ ಬಂದಾಗ ನಗು ಇರಲಿಲ್ಲ. ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆ ಇತ್ತು. ಇದ್ದವುಗಳಲ್ಲೂ ಚುರುಕಾಗಿ ಓಡುವವು ಕೆಲವೇ. ಒಂದೇ ಸಲದ ಪರೀಕ್ಷೆ ನಂಬಬಾರದೆಂದು ಡಾಕ್ಟರ್ ಬ್ರಾಹ್ಮಿ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಅದೂ ಹಾಗೆಯೇ ಬಂತು. ಅವರು ಮಿರಜಿನ ಒಬ್ಬ ತಜ್ಞರ ಹೆಸರು ಹೇಳಿ ಕಳಿಸಿದರು.

ಮಿರಜಿನ ಡಾಕ್ಟರು ಮರಾಠಿ ಮನೆಮಾತಿನವರು, ಗಡಿಯವರಾದ್ದರಿಂದ ಕನ್ನಡವೂ ಚೆನ್ನಾಗಿ ಬರುತ್ತಿತ್ತು. ದುಂಡೇಶನನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳಿ, ಕೈಯಿಂದ ಮುಟ್ಟಿ ನೋಡಿದರು.

"ಎಡಗಡೆ ಭಾರ ಆದಂಗ ನೋವ ಬರ್ತೈತೇನು?"

ದುಂಡೇಶ ಬೆರಗಾದ. "ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?"

"ವೆರಿಕೋಸೀಲ್ ಅಂತಾರ ಇದಕ್ಕ. ನಿಮ್ಮ ಬಾವಿ ಮೋಟರಿನ ಫುಟ್‌ವಾಲ್ವ್ ಕೆಟ್ರ ಏನಾಗ್ತೈತಿ?"

"ಮ್ಯಾಲ ಏರಿದ ನೀರು ಹೊಳ್ಳಿ ಬಾವಿಗೆ ಇಳೀತೈತ್ರಿ."

"ಅಷ್ಟ ನೋಡ. ವೃಷಣದಿಂದ ರಕ್ತ ಮ್ಯಾಲ ಒಯ್ಯೂ ನರದಾಗೂ ಅಂಥಾ ಸಣ್ಣ ಸಣ್ಣ ವಾಲ್ವ್ ಇರ್ತಾವ. ಅವು ಸಡ್ಲಾದ್ರ ರಕ್ತ ಹೊಳ್ಳಿ ಬಂದು ಅಲ್ಲೇ ನಿಲ್ತೈತಿ. ನರ ಉಬ್ತಾವ, ಅಲ್ಲಿ ಕಾವು ಹೆಚ್ಚಾಗ್ತೈತಿ. ಬೀಜ ತಯಾರಾಗಾಕ ಮೈಗಿಂತ ತುಸು ತಂಪು ಬೇಕು. ಅದಕ್ಕ ದೇವರು ಅವನ್ನ ಹೊಟ್ಟಿ ಹೊರಗ ಇಟ್ಟಾನ. ಕಾವು ಹೆಚ್ಚಾದ್ರ ಬೀಜ ಕಮ್ಮಿ ಆಗ್ತಾವ, ಇದ್ದದ್ದೂ ಮಂದ ಆಗ್ತಾವ."

ದುಂಡೇಶ ಅಂಗಿ ಸರಿಮಾಡಿಕೊಳ್ಳುತ್ತ ಕೇಳಿದ: "ಹಂಗಾದ್ರ ನನ್ನ ಗಂಡಸ್ತನ..."

"ಗಂಡಸ್ತನಕ್ಕ ಏನೂ ಆಗಿಲ್ಲ. ಕಲ್ಲ ಎತ್ತೂ ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟೋ ಗಂಡಸರಿಗೆ ಇದು ಇರ್ತೈತಿ, ಮಕ್ಕಳೂ ಆಗಿರ್ತಾವ, ಅವರಿಗೆ ಆಪರೇಶನ್ ಬೇಕಾಗೂದಿಲ್ಲ. ನಿನಗ ಬೀಜ ಕಮ್ಮಿ ಐತಿ, ಹೆಂಡ್ತಿಗೆ ತೊಂದರಿ ಇಲ್ಲ, ಕೈಗೆ ಹತ್ತೂವಷ್ಟು ನರ ಉಬ್ಬ್ಯಾವ. ಅದಕ್ಕ ಆಪರೇಶನ್ ಮಾಡೂದು ಚಲೋ ಅಂತೀನಿ. ಬಹಳ ಮಂದಿಗೆ ಸುಧಾರಿಸ್ತೈತಿ. ಎಲ್ಲಾರಿಗೂ ಅಂತ ಹೇಳಂಗಿಲ್ಲ. ಗ್ಯಾರಂಟಿ ನಾ ಕೊಡೂದಿಲ್ಲ."

ಆಮೇಲೆ ಅವನ ಬಾಯಿಯ ಕಡೆ ನೋಡಿ, "ತಂಬಾಕ ತಿಂತೀಯೇನು?" ಎಂದರು.

"ನಿಪ್ಪಾಣಿದು, ಒಂದೀಟ..."

"ಇವತ್ತಿಂದ ಬಂದ್. ಅದೂ ಬೀಜಕ್ಕ ವಿಷ."

ಹೊರಗೆ ಬಂದವನೇ ಚೀಲದಲ್ಲಿದ್ದ ತಂಬಾಕಿನ ಪುಡಿಕೆಯನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಒಗೆದ. ಸೌಂದರ್ಯಾ ನೋಡುತ್ತ ನಿಂತಿದ್ದಳು. "ಏನಂತಿ?" ಎಂದು ಕೇಳಿದ. ಅವಳು, "ಏನೂ ಇಲ್ರಿ" ಎಂದಳು. ಆದರೆ ಬಹಳ ದಿನಗಳ ಮೇಲೆ ಅವಳ ಮುಖ ಸಡಿಲವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವನು ಮೆಲ್ಲಗೆ, "ಇಷ್ಟ ವರ್ಷ ನೀ ಒಬ್ಬಾಕಿನ ಸೂಜಿ ಚುಚ್ಚಿಸ್ಕೊಂಡಿ" ಎಂದ. ಅವಳು ಅವನ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಕುಡಿದಳು.

ಮನೆಯಲ್ಲಿ ಗಿರಿಜವ್ವ ಹಣೆ ಹಣೆ ಬಡಿದುಕೊಂಡಳು. ಮಗನ ನೋವಿಗಿಂತ ಊರ ಬಾಯಿಯ ಭಯ ಅವಳಿಗೆ ದೊಡ್ಡದಾಗಿತ್ತು. "ಯಾರ ಮುಂದೂ ಬಾಯಿ ಬಿಡಬ್ಯಾಡೋ ಎಪ್ಪಾ. ಹರ್ನಿಯಾ ಆಗಿತ್ತು ಅಂತ ಹೇಳೂಣು." ಅವನು ಆಗಲೆಂದ. ಏಪ್ರಿಲ್ಲಿನ ಚಾಟಣಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಮುಗಿಸಿ ಮಿರಜಿಗೆ ಹೋದ. ತೊಡೆಸಂದಿನ ಹತ್ತಿರ ಸಣ್ಣ ಗಾಯ ಮಾಡಿ, ದುರ್ಬೀನಿನಂಥ ಯಂತ್ರದಲ್ಲಿ ನೋಡುತ್ತ ಉಬ್ಬಿದ ನರಗಳನ್ನು ಕಟ್ಟಿದರು. ಮರುದಿನ ಮನೆಗೆ ಬಿಟ್ಟರು. ಮಳೆಗಾಲ ಕಳೆಯುವವರೆಗೆ ಭಾರ ಎತ್ತಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸುವ ಆ ದಿನ ಗುಡಿಯ ಮುಂದಿನ ಬಯಲಿನಲ್ಲಿ ಕಲ್ಲೆತ್ತುವ ಪಂದ್ಯ ನಡೆಯುತ್ತದೆ. ಸುತ್ತಲಿನ ಊರಿನವರು ಸೇರಿದ್ದರು. ಹೊರಗಿನ ಹುಡುಗರು ಒಬ್ಬೊಬ್ಬರಾಗಿ ಎತ್ತಿದರು, ಕೆಲವರು ಬಿಟ್ಟರು. ಮೈಕಿನಲ್ಲಿ, "ನಮ್ಮೂರ ಹುಲಿ ದುಂಡೇಶ ಅಖಾಡಕ್ಕ ಬರಬೇಕು" ಎಂದು ಕೂಗಿದರು. ಹಲಗೆ ಬಾರಿಸತೊಡಗಿದರು. ದುಂಡೇಶ ಮುಂದೆ ಬಂದು ಈ ವರ್ಷ ಎತ್ತುವುದಿಲ್ಲ ಎಂದು ಕೈ ಆಡಿಸಿದ.

"ಯಾಕ? ಪೈಲ್ವಾನ ಮುದುಕ ಆದನೇನು?" ಎಂದು ಪರವೂರಿನವನೊಬ್ಬ ಕೂಗಿದ. "ಹರ್ನಿಯಾ ಆಗೈತಿ" ಎಂದು ಯಾರೋ ನಮ್ಮವರೇ ಉತ್ತರ ಕೊಟ್ಟರು.

ಆಗ ದುಂಡೇಶ ಮೈಕ್ ತೆಗೆದುಕೊಂಡ. ಮೊದಲು ಯೋಚಿಸಿ ಬಂದಿರಲಿಲ್ಲವಂತೆ. ಗುಡಿಕಟ್ಟೆಯ ಮೇಲೆ ಹೆಂಗಸರ ನಡುವೆ ಕುಳಿತಿದ್ದ ಹೆಂಡತಿ ಕಣ್ಣಿಗೆ ಬಿದ್ದಳು, ಅಷ್ಟೆ.

"ಹರ್ನಿಯಾ ಅಲ್ರಿ," ಎಂದ. ದನಿ ಮೊದಲಿಗೆ ಒಡೆಯಿತು. "ನನಗ ಆಪರೇಶನ್ ಆಗೈತಿ, ಆದ್ರ ಅದು ಹರ್ನಿಯಾದ್ದಲ್ಲ. ನಮಗ ಮಕ್ಕಳಾಗಿಲ್ಲ, ಎಲ್ಲಾರಿಗೂ ಗೊತ್ತೈತಿ. ಇಷ್ಟ ವರ್ಷ ನೀವೆಲ್ಲಾ ನನ್ನ ಹೆಂಡತಿ ಮಾರಿ ನೋಡಿದ್ರಿ. ನಾನೂ ಹಂಗ ಮಾಡ್ದೆ. ಆಕಿ ತಪ್ಪ ಏನೂ ಇಲ್ಲ. ತೊಂದರಿ ನನ್ನ ಕಡೆ ಇತ್ತು. ಬೀಜಕೋಶದ ನರ ಉಬ್ಬಿದ್ದೂ. ಅದರಿಂದ ಬೀಜ ಕಮ್ಮಿ ಆಗಿದ್ದೂ. ಈ ಕಲ್ಲ ಎತ್ತಾಂವಗ, ನನಗ!"

ಆಮೇಲೆ ಅದೇ ಪರವೂರಿನವನು ನಕ್ಕು ಕೂಗಿದ: "ಹಂಗಾದ್ರ ಹುಲಿಯಾಗ ಏನೂ ಇಲ್ಲಂತಾತು!"

ದುಂಡೇಶ ಅವನ ಕಡೆ ತಿರುಗಿದ. ಈ ಸಲ ದನಿ ಗಟ್ಟಿಯಾಗಿತ್ತು. "ಕಮ್ಮಿ ಇತ್ತು ಮಾಮಾ. ಗೊತ್ತಾತು, ರಿಪೇರಿ ಮಾಡ್ಸ್ಕೊಂಡೆ. ನಿಂದು ತಪಾಸಣಿ ಆಗೈತೇನು?"

ಇಡೀ ಬಯಲೇ ನಕ್ಕಿತು. ಆ ನಗು ದುಂಡೇಶನ ಮೇಲಿನದಾಗಿರಲಿಲ್ಲ. ಕೂಗಿದವನು ಟೋಪಿ ಕೆಳಗೆಳೆದುಕೊಂಡು ಜನರ ಹಿಂದೆ ಸರಿದ. ಹಿರಿಯರ ಸಾಲಿನಲ್ಲಿದ್ದ ವಿರುಪಾಕ್ಷಪ್ಪನ ಕಡೆ ಎಲ್ಲರ ಕಣ್ಣೂ ಹೋದವು. ಮಾತು ಕಡಿಮೆಯ ಆ ಮನುಷ್ಯ ಎದ್ದು ನಿಂತು, "ನನ್ನ ಮಗ ಖರೇ ಹೇಳ್ಯಾನ. ಇವತ್ತ ಎದಿ ಮ್ಯಾಲ ಅಂವ ಎತ್ತಿದ್ದು ಸಣ್ಣ ಭಾರ ಅಲ್ಲ. ಹಲಗಿ ಬಾರಸ್ರಿ" ಎಂದ. ಹಲಗೆ ಮೊಳಗಿತು. ಕಟ್ಟೆಯ ಮೇಲೆ ಸೌಂದರ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ. ತಲೆ ಎತ್ತಿಯೇ ಕುಳಿತಿದ್ದಳು, ಕಣ್ಣೀರು ಸುರಿಯುತ್ತಿದ್ದರೂ. ಆರತಿ ತಟ್ಟೆ ದಾಟಿಸಿದ್ದ ಆ ಹಿರಿಯ ಹೆಂಗಸು ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈ ಇಟ್ಟಳು.

ಮರುದಿನ ಮುಂಜಾನೆ ಸಮಾಧಾನನೆಂಬ ಓರಗೆಯ ಗೆಳೆಯ ತೋಟಕ್ಕೆ ಬಂದ. ಔಷಧಿ ಹೊಡೆಯುವ ಪಂಪು ಬೇಕಿತ್ತು ಎಂದ. ಪಂಪು ಕೈಗೆ ಕೊಟ್ಟರೂ ಹೋಗಲೊಲ್ಲ. ಕಾಲಿನಿಂದ ಮಣ್ಣು ಕೆದರುತ್ತ, "ಆ ಡಾಕ್ಟರ್ ನಂಬರ ಐತೇನೋ?" ಎಂದು ಕೇಳಿದ. ಸಮಾಧಾನನದು ಬೇರೆ ತೊಂದರೆ ಎಂದು ತಿಳಿಯಿತು, ಅವನ ಚಿಕಿತ್ಸೆ ಬೇರೆ ದಾರಿ ಹಿಡಿಯಿತು, ಇನ್ನೂ ನಡೆದಿದೆ. ಅವನ ಹೆಂಡತಿ ಬೇರು ತೇಯ್ದು ಕುಡಿಯುವುದು ಮಾತ್ರ ಅಂದೇ ನಿಂತಿತು. ಅವನ ಹಿಂದೆ ಇನ್ನೂ ಕೆಲವರು ಬಂದರು, ಒಬ್ಬ ಉಗಾರ ಬುದ್ರುಕದಿಂದ ಮೋಟರ್‌ಸೈಕಲ್ ಮೇಲೆ ಬಂದ. ದುಂಡೇಶ ಎಲ್ಲರಿಗೂ ಒಂದೇ ಮಾತು ಹೇಳಿದ: "ನನಗ ಆದದ್ದು ನಿನಗ ಆಗಿರಬೇಕಂತಿಲ್ಲ. ಮೊದಲ ತೋರ್ಸ."

ಮಳೆಗಾಲದ ನಡುವೆ ಮಾಡಿಸಿದ ಪರೀಕ್ಷೆಯಲ್ಲಿ ಸಂಖ್ಯೆ ಏರಿತ್ತು. ದೀಪಾವಳಿಯ ಮೇಲೆ ಮಾಡಿಸಿದಾಗ ಇನ್ನೂ ಏರಿತ್ತು, ಚುರುಕಾದವೂ ಹೆಚ್ಚಿದ್ದವು. "ಚಾಂಗಲಂ ಆಹೆ, ಚಲೋ ಐತಿ," ಎಂದು ಮಿರಜಿನ ಡಾಕ್ಟರು ಬೆನ್ನು ತಟ್ಟಿದರು. ಆದರೂ ತಿಂಗಳುಗಳು ಬರಿದೇ ಹೋದವು. ಗಿರಿಜವ್ವ ಮತ್ತೆ ಗೊಣಗಲು ಬಾಯಿ ತೆರೆದಾಗ ಸೌಂದರ್ಯಾ, "ಅತ್ತಿ, ಬಳ್ಳಿ ಚಾಟಣಿ ಮಾಡಿದ ಮರುದಿನ ಹಣ್ಣ ಕೇಳ್ತೀರೇನ್ರಿ?" ಎಂದಳು. ಮುದುಕಿ ಮೊದಲ ಸಲ ಸೊಸೆಯ ಮಾತಿಗೆ ನಕ್ಕಳು.

ದ್ರಾಕ್ಷಿ ಕೊಯ್ಲಿನ ಸಡಗರದಲ್ಲಿ ಒಂದು ದಿನ ಸೌಂದರ್ಯಾ ಮಣೂಕದ ಶೆಡ್ಡಿನಲ್ಲಿ, ಒಣಗಿಸುವ ಮೊದಲು ಹಣ್ಣು ಅದ್ದುವ ಎಣ್ಣೆಯ ವಾಸನೆಗೆ ವಾಂತಿ ಮಾಡಿಕೊಂಡಳು. ಬಿಸಿಲಿಗಿರಬೇಕು ಎಂದಳು. ವಾರವಾದರೂ ನಿಲ್ಲದಿದ್ದಾಗ ಅಥಣಿಗೆ ಹೋದರು. ಸ್ಕ್ಯಾನಿಂಗ್ ಪರದೆಯ ಮೇಲೆ ಡಾಕ್ಟರ್ ಬ್ರಾಹ್ಮಿ ಬೆರಳಿಟ್ಟು ತೋರಿಸಿದರು. ಕಾಳಿನಷ್ಟು ಏನೋ ಮಿಡಿಯುತ್ತಿತ್ತು. ದುಂಡೇಶ ಎಲ್ಲರ ಎದುರು ಗಳಗಳ ಅತ್ತ. "ಪೈಲ್ವಾನ್ರ, ಅಳಬ್ಯಾಡ್ರಿ, ಪೇಡೆ ತರಸ್ರಿ" ಎಂದು ನರ್ಸ್ ಬಾಯಿ ನಕ್ಕಳು.

ಹೆಣ್ಣು ಮಗು ಹುಟ್ಟಿತು. ಅಪ್ಪನ ಅಗಲ ಹಣೆ, ಅವ್ವನ ಹಟ. ತೊಟ್ಟಿಲ ಕಾರ್ಯಕ್ಕೆ ಇಡೀ ಓಣಿಗೆ ಹೋಳಿಗೆ ಊಟ ಹಾಕಿದರು. ಗಿರಿಜವ್ವ ಅಂದು ಬಂದ ಹೆಂಗಸರ ಮುಂದೆ ಸೊಸೆಯ ಕೈ ಹಿಡಿದುಕೊಂಡು, "ಈಕಿ ಗಟ್ಟಿ ಇದ್ದಳಂತ ನಮ್ಮ ಮನಿ ಉಳೀತು. ನನ್ನ ಮಾತ ಕೇಳಿದ್ರ ಎರಡ ಹುಡುಗ್ಯಾರ ಬಾಳೇ ಹಾಳಾಗತಿತ್ತು" ಎಂದಳು.

ಅಲ್ಲಿಗೆ ನಿಲ್ಲುವ ಮುದುಕಿ ಅವಳಲ್ಲ. ಊರಾಚೆ ಕುರಿ ಸಾಕಿಕೊಂಡಿರುವ ಭೀಮಾಬಾಯಿ, ಮಕ್ಕಳಾಗದ ಸೊಸೆ ಸೋನಾಲಿಯನ್ನು ಕರೆದುಕೊಂಡು ಗುಡಿ ಗುಡಿ ಸುತ್ತುತ್ತಿರುವುದು ಅವಳ ಕಿವಿಗೆ ಬಿತ್ತು. ಗಿರಿಜವ್ವ ನೇರ ಕುರಿಹಟ್ಟಿಗೇ ಹೋದಳು.

"ಭೀಮಾಬಾಯಿ, ಗುಡಿಗೆ ಹೋಗೂದು ಇರಲಿ, ದೇವರು ಎಲ್ಲಿಗೂ ಹೋಗೂದಿಲ್ಲ. ನಿನ್ನ ಮಗನ್ನ ಡಾಕ್ಟರಿಗೆ ತೋರಿಸೀಯೇನು?"

"ಅಯ್ಯ, ನಮ್ಮ ಬೀರದೇವಗ ಏನಾಗೈತಿ ಅಕ್ಕಾ? ಟಗರ ಇದ್ದಂಗ ಅದಾನ."

"ನಂದು ಹುಲಿ ಇತ್ತು," ಎಂದಳು ಗಿರಿಜವ್ವ. "ಎಬ್ಬಸ ಅವನ್ನ."

ಕಳೆದ ವಾರ ಅಥಣಿ ಬಸ್ಸಿನಲ್ಲಿ ಅವರನ್ನು ಕಂಡೆ. ನಾಚಿಕೆಯಿಂದ ಕಿಟಕಿಯ ಹೊರಗೇ ನೋಡುತ್ತಿದ್ದ ಬೀರದೇವ, ಅವನ ಪಕ್ಕದಲ್ಲಿ ಸೋನಾಲಿ. ಮುಂದಿನ ಸೀಟಿನಲ್ಲಿ ಗಿರಿಜವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಕ್ಕೆ ತಿರುಗಿ, ಬಸ್ಸಿನವರಿಗೆಲ್ಲ ಕೇಳುವಂತೆ ಅವನಿಗೆ ಹೇಳುತ್ತಿದ್ದಳು: "ನಾಚಬ್ಯಾಡ ಎಪ್ಪಾ. ಅವರು ಒಂದ ಡಬ್ಬಿ ಕೊಡ್ತಾರ, ಅಷ್ಟ."